ಎಂಬತ್ತೊಂದರಿಂದ ಹೊರಟು ಎಂಬತ್ತಕ್ಕೆ: ಪ್ರಮಾಣ ಶ್ರುತಿಯನ್ನು ಕಿವಿಯಲ್ಲಿ ಹಿಡಿಯುವುದು ಹೇಗೆ

ಒಮ್ಮೆ ನನ್ನ ವೀಣೆಗೆ ಹೊಸದಾಗಿ ಮೇಳ ಕಟ್ಟಿಸಿದ್ದೆ. ಕಟ್ಟಿದವರು ಪಕ್ಕದಲ್ಲಿ ಫೋನ್ ಇಟ್ಟುಕೊಂಡು, ಟ್ಯೂನರ್ ಆ್ಯಪಿನ ಮುಳ್ಳು ನಟ್ಟನಡುವೆ ನಿಂತು ಹಸಿರು ದೀಪ ಹೊತ್ತುವವರೆಗೂ ಒಂದೊಂದು ಮೆಟ್ಟಿಲನ್ನೂ ಸರಿಸಿ, 24ನ್ನೂ ಮೇಣದಲ್ಲಿ ಕೂರಿಸಿ ಕಳಿಸಿದ್ದರು. ಲೆಕ್ಕದಲ್ಲಿ ತಪ್ಪೇ ಇಲ್ಲ. ಆದರೆ ಪಕ್ಕದಲ್ಲಿ ಸಾ ಪಾ ನುಡಿಯುವ ತಾಳದ ತಂತಿ ಮೀಟಿ, ಸ್ವರ ನುಡಿಸುವ ಮೊದಲ ತಂತಿಯಾದ ಸಾರಣಿಯ 4ನೇ ಮೆಟ್ಟಿಲಲ್ಲಿ ಗಾಂಧಾರ ಹಿಡಿದು ನಿಲ್ಲಿಸಿದರೆ ನಾದದೊಳಗೆ ಮರಳು ಬಿದ್ದ ಹಾಗೆ ಕರಕರ. ಹೋಗಿ ಕೇಳಿದ್ದಕ್ಕೆ, "ಆ್ಯಪ್ ಸರಿ ಅಂತಲೇ ತೋರಿಸ್ತಿದೆಯಲ್ಲಮ್ಮ, ಇನ್ನೇನು ಬೇಕು?" ಅಂದರು. ನನಗೆ ಬಾಯಿ ಬರಲಿಲ್ಲ. ತಪ್ಪಿದೆ ಅಂತ ಕಿವಿ ಹೇಳುತ್ತಿತ್ತು, ಎಲ್ಲಿ ಎಷ್ಟು ಅಂತ ಹೇಳಲು ಮಾತಿರಲಿಲ್ಲ.

ಆ ಮಾತು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪ್ರಮಾಣ ಶ್ರುತಿ. ಹೆಸರು ಹೊಸದೇನಲ್ಲ. ಥಿಯರಿ ಪರೀಕ್ಷೆಗೆ ಒಂದು ಸ್ಥಾಯಿಯೊಳಗಿನ 22 ಶ್ರುತಿಗಳ ಪಟ್ಟಿ ಉರು ಹೊಡೆದವರಿಗೆಲ್ಲ ಗೊತ್ತು: ಅನುಪಾತ 81:80, ಎರಡು ಅಂಕದ ಪ್ರಶ್ನೆ. ಬರೆದು ಅಂಕ ತೆಗೆದುಕೊಂಡವಳೇ ನಾನು. ಕೇಳಿದ್ದೇನಾ ಎಂದರೆ ಇಲ್ಲ. ಅಥವಾ ದಿನಾ ಕೇಳುತ್ತಿದ್ದೆ, ಇದೇ ಅದು ಅಂತ ಯಾರೂ ಬೆರಳು ತೋರಿಸಿರಲಿಲ್ಲ.

ಬೆರಳು ತೋರಿಸುವ ಕೆಲಸ ಈ ಬರಹದ್ದು. ಮೊದಲೇ ಒಂದು ಮಾತು: ಪ್ರಮಾಣ ಶ್ರುತಿಯನ್ನು ನೇರವಾಗಿ ಹುಡುಕಲು ಹೋಗಬೇಡಿ. ಸಾ ಹಿಡಿದು, ಅದಕ್ಕಿಂತ "ಒಂಚೂರು ಮೇಲೆ" ಅಂತ ತಂತಿ ಬಿಗಿದರೆ ಸಿಗುವುದು ಬರೀ ಅಪಶ್ರುತಿ. ಗಾಂಧಾರಕ್ಕೆ ಹೋಗಲು ಎರಡು ದಾರಿಗಳಿವೆ, ಎರಡೂ ಶುದ್ಧ. ಒಂದು ಸಾ ಇಂದ ನೇರವಾಗಿ. ಇನ್ನೊಂದು ಪಾ, ರೀ, ಧಾ ಹಿಡಿದು ಸುತ್ತಿ ಬಳಸಿ. ಎರಡು ದಾರಿಯಲ್ಲೂ ಒಂದು ಹೆಜ್ಜೆಯೂ ತಪ್ಪದ ಹಾಗೆ ನಡೆದರೂ ನೀವು ಬೇರೆ ಬೇರೆ ಜಾಗಕ್ಕೆ ಬಂದು ನಿಲ್ಲುತ್ತೀರಿ. ನಡುವೆ ಉಳಿಯುವ ಸಂದು ಇದೆಯಲ್ಲ, ಅದೇ.

ಇದಕ್ಕೆ ಒಂದು ಹಲಗೆ ಬೇಕು. ಒಂದು ಮೀಟರಿಗಿಂತ ತುಸು ಉದ್ದದ, ಬಾಗದ ಮರದ ಹಲಗೆ. ಅದರ ಮೇಲೆ ಅಕ್ಕಪಕ್ಕದಲ್ಲಿ ಎರಡು ಉಕ್ಕಿನ ತಂತಿ, ಒಂದೇ ಸುರುಳಿಯಿಂದ ಕತ್ತರಿಸಿದ್ದು; ವೀಣೆಯ ಸಾರಣಿಗೆ ಹಾಕುವಂಥದ್ದು ಸಾಕು. ಒಂದು ತುದಿಯಲ್ಲಿ ಮೊಳೆ, ಇನ್ನೊಂದು ತುದಿಯಲ್ಲಿ ಬಿರಡೆ. ಹಳೆಯ ಗಿಟಾರಿನ ಕೀಲಿ ಸಿಕ್ಕರೆ ಇನ್ನೂ ಒಳ್ಳೆಯದು, ಮರದ ಬಿರಡೆ ಜಾರಿದ ಹಾಗೆ ಅದು ಜಾರುವುದಿಲ್ಲ. ಎರಡು ತುದಿಗೂ ಒಂದೊಂದು ಅಡ್ಡಪಟ್ಟಿ ಅಂಟಿಸಿ. ಪಟ್ಟಿಯ ಅಂಚಿನಿಂದ ಅಂಚಿಗೆ ಕರಾರುವಾಕ್ಕಾಗಿ 81 ಸೆಂಟಿಮೀಟರ್. ಹಲಗೆಯನ್ನು ಟೊಳ್ಳಾದ ಮರದ ಪೆಟ್ಟಿಗೆಯ ಮೇಲಿಟ್ಟರೆ ನಾದ ತುಂಬಿಕೊಳ್ಳುತ್ತದೆ.

81 ಯಾಕೆ ಅಂತ ಈಗ ಕೇಳಬೇಡಿ, ಮುಂದೆ ತಾನಾಗಿ ಗೊತ್ತಾಗುತ್ತದೆ.

ಇನ್ನು ಬೇಕಾದದ್ದು ಎರಡು ಸರಿಯುವ ಕುದುರೆ, ತಂತಿಗೊಂದು. ಗಟ್ಟಿ ಮರದ ಚೂರನ್ನು ಮೇಲ್ತುದಿ ಚೂಪಾಗುವಂತೆ ಉಜ್ಜಿದರೆ ಆಯಿತು. ಎತ್ತರದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಿ. ಕುದುರೆ ತಂತಿಯನ್ನು ಮುಟ್ಟಬೇಕು, ಎತ್ತಬಾರದು. ಮುಟ್ಟಿದ ಜಾಗದಲ್ಲಿ ತಂತಿ ಝೇಂಕರಿಸಿದರೆ ಮೇಲಿನಿಂದ ಬೆರಳನ್ನು ಹಗುರವಾಗಿ ಇಟ್ಟರಾಯಿತು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ, ಬರುತ್ತದೆ.

ಹಲಗೆಯ ಮೇಲೆ ತಂತಿಯ ಕೆಳಗೆ ಬಿಳಿ ಕಾಗದ ಅಂಟಿಸಿ. ಅಳತೆಪಟ್ಟಿಯನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ತಮಾಷೆಯಲ್ಲ. ಪಟ್ಟಿ ಕಣ್ಣೆದುರಿಗಿದ್ದರೆ ಕಿವಿ ಕೆಲಸ ಮಾಡುವುದಿಲ್ಲ.

ಎರಡು ತಂತಿಯನ್ನೂ ಒಂದೇ ಸಾ ಗೆ ಸೇರಿಸಿ. ಸೆಕೆಂಡಿಗೆ 240 ಕಂಪನ ಇರಲಿ ಎನ್ನುತ್ತೇನೆ, ಏಕೆಂದರೆ ಲೆಕ್ಕ ಸಲೀಸು: ರೀ 270, ಗಾ 300, ಮಾ 320, ಪಾ 360, ಧಾ 400, ನೀ 450. ಎಲ್ಲ ಪೂರ್ಣಾಂಕ. ಆ್ಯಪ್ ಇಂಥ ಕೆಲಸಕ್ಕೆ ಬೇಕಾದರೆ ಇರಲಿ. ಎರಡನೇ ತಂತಿಯನ್ನು ಮಾತ್ರ ಮೊದಲನೆಯದರ ಜೊತೆ ಕಿವಿಯಲ್ಲೇ ಸೇರಿಸಿ. ಎರಡನ್ನೂ ಒಟ್ಟಿಗೆ ಮೀಟಿದಾಗ ನಾದ ಹಿಗ್ಗಿ ಕುಗ್ಗಿ, ವಾಂ... ವಾಂ... ವಾಂ... ಎಂದು ತೂಗಿದ ಹಾಗೆ ಕೇಳುತ್ತದೆ. ಭೌತಶಾಸ್ತ್ರದವರು ಬೀಟ್ಸ್ ಎನ್ನುತ್ತಾರೆ, ನಾನು ಮಕ್ಕಳಿಗೆ ತೂಗಾಟ ಅಂತಲೇ ಹೇಳಿಕೊಡುವುದು. ಸೆಕೆಂಡಿಗೆ ಎಷ್ಟು ತೂಗುತ್ತದೋ ಎರಡು ತಂತಿಗೂ ಅಷ್ಟು ಕಂಪನದ ಅಂತರ. ಬಿರಡೆ ತಿರುಗಿಸುತ್ತಾ ಹೋದರೆ ತೂಗಾಟ ನಿಧಾನವಾಗಿ, ಉದ್ದವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಆ ನಿಲ್ಲುವ ಗಳಿಗೆ ಕಿವಿಗೆ ಚೆನ್ನಾಗಿ ನಾಟುವವರೆಗೂ ಮುಂದೆ ಹೋಗಬೇಡಿ. ಒಂದು ದಿನ ಹಿಡಿಯಬಹುದು, ಒಂದು ವಾರವೂ ಆಗಬಹುದು.

ಒಂದೇ ಸ್ವರವಾದರೆ ಇದು ಸುಲಭ. ಸಾ ಜೊತೆ ಪಾ ಹಿಡಿದಾಗ ತೂಗಾಟ ಕೇಳುವುದು ಬುಡದಲ್ಲಲ್ಲ, ಮೇಲೆ. ಯಾವ ತಂತಿಯೂ ಒಂದೇ ಸ್ವರ ನುಡಿಯುವುದಿಲ್ಲ. 240ರ ತಂತಿಯೊಳಗೆ 480, 720, 960, 1200 ಎಲ್ಲ ಸಣ್ಣದಾಗಿ ನುಡಿಯುತ್ತಿರುತ್ತವೆ. ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಗಾಂಧಾರ ಕೇಳುತ್ತದಲ್ಲ, ಅದೇ ಸಂಗತಿ. ಸಾ ತಂತಿಯ ಮೂರನೆಯದು 720, ಪಾ ತಂತಿಯ ಎರಡನೆಯದೂ 720. ಇವೆರಡು ಸೇರಿದರೆ ಪಂಚಮ ಶುದ್ಧ. ಕುದುರೆ ಒಂದು ಮಿಲಿಮೀಟರ್ ಆಚೆ ಹೋದರೂ ಆ ಎತ್ತರದಲ್ಲಿ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ತೂಗಾಟ ಶುರುವಾಗುತ್ತದೆ. ತಂತಿಯನ್ನು ನಡುವಿನಲ್ಲಿ ಮೀಟದೆ ತುದಿಯ ಹತ್ತಿರ ಮೀಟಿ, ಮೇಲಿನ ಸ್ವರಗಳು ಚುರುಕಾಗಿ ಕೇಳುತ್ತವೆ.

ಈಗ ನಡಿಗೆ. ತಂತಿಗಳನ್ನು ಎಡ, ಬಲ ಎನ್ನೋಣ. ಎಡದ್ದನ್ನು ಹಾಗೇ ಬಿಟ್ಟು, ಬಲದ ಕುದುರೆ ಸರಿಸಿ ಪಾ ಹಿಡಿಯಿರಿ. ತೂಗಾಟ ನಿಲ್ಲಲಿ. ಪೆನ್ಸಿಲಿನಲ್ಲಿ ಕಾಗದದ ಮೇಲೆ ಗೆರೆ ಎಳೆಯಿರಿ. ಇನ್ನು ಬಲದ ಕುದುರೆಯನ್ನು ಅಲುಗಿಸದೆ, ಎಡದ ತಂತಿಯಲ್ಲಿ ಆ ಪಾ ಜೊತೆ ಸೇರುವ, ಅದಕ್ಕಿಂತ ಕೆಳಗಿನ ರೀ ಹಿಡಿಯಿರಿ. ಪಾ ಯನ್ನೇ ಮೇಲಿನ ಮಾ ಅಂದುಕೊಂಡು ಅದರ ಸಾ ಹುಡುಕಿದ ಹಾಗೆ. ಗೆರೆ. ಈಗ ಎಡದ್ದು ನಿಲ್ಲಲಿ, ಬಲದ್ದು ನಡೆಯಲಿ: ರೀ ಗೆ ಪಂಚಮವಾಗುವ ಧಾ. ಗೆರೆ. ಮತ್ತೆ ಎಡದ್ದರ ಸರದಿ: ಧಾ ಗೆ ಕೆಳಗೆ ಸೇರುವ ಗಾ. ಗೆರೆ. ಕೊನೆಯ ಹೆಜ್ಜೆ ಬಲದ್ದು: ಈ ಗಾ ಯಾವ ಸಾ ಗೆ ಅಂತರ ಗಾಂಧಾರವಾಗಿ (240ಕ್ಕೆ 300 ಇದ್ದ ಹಾಗೆ) ಮೆತ್ತಗೆ ಕೂರುತ್ತದೋ ಆ ಸಾ. ಒಂದು ಕಾಲು ಊರಿ ಇನ್ನೊಂದು ಎತ್ತಿದ ಹಾಗೆ ಐದು ಹೆಜ್ಜೆ. ಪ್ರತಿ ಹೆಜ್ಜೆಗೂ ತೂಗಾಟ ನಿಂತ ಮೇಲೇ ಮುಂದಿನದು.

ಈಗ ಎಡದ ಕುದುರೆಯನ್ನು ತೆಗೆದುಬಿಡಿ. ಎಡದಲ್ಲಿ ನೀವು ಹೊರಟ ಸಾ, ಬಲದಲ್ಲಿ ನೀವು ಬಂದು ತಲುಪಿದ ಸಾ. ಎರಡನ್ನೂ ಒಟ್ಟಿಗೆ ಮೀಟಿ.

ವಾಂ, ವಾಂ, ವಾಂ. ಸೆಕೆಂಡಿಗೆ ಮೂರು.

ಅಳತೆಪಟ್ಟಿ ತನ್ನಿ. ಗೆರೆಗಳನ್ನು ಕುದುರೆಯಿಂದ ಮೀಟುವ ತುದಿಯವರೆಗೆ ಅಳೆಯಿರಿ. ಸಾ 81. ಪಾ 54. ರೀ 72. ಧಾ 48. ಗಾ 64. ಕೊನೆಯ ಸಾ 80. ಈ ಹಲಗೆಯ ಮೇಲೆ ಬೇರೆ ಯಾವ ಉದ್ದದ ತಂತಿಯಲ್ಲಾದರೂ ಭಿನ್ನರಾಶಿಗಳು ಬರುತ್ತಿದ್ದವು. 81 ಆರಿಸಿದ್ದರಿಂದ ಎಲ್ಲವೂ ಇಡಿ ಸೆಂಟಿಮೀಟರ್. 81ರಿಂದ ಹೊರಟವರು 80ಕ್ಕೆ ಬಂದಿರಿ. ಆ ಒಂದು ಸೆಂಟಿಮೀಟರೇ ಪ್ರಮಾಣ ಶ್ರುತಿ. 240 ಈಗ 243 ಆಗಿದೆ.

ನನಗೆ ಮೊದಲ ಸಲ ಮೂರು ಬರಲಿಲ್ಲ, ನಾಲ್ಕಕ್ಕೂ ಮಿಕ್ಕಿ ಬಂತು. ಎರಡು ದಿನ ಲೆಕ್ಕವನ್ನು ತಿದ್ದಿದೆ, ತಂತಿಯನ್ನು ಬೈದೆ. ಕಳ್ಳ ಇದ್ದದ್ದು ಕುದುರೆಯಲ್ಲಿ. ನನ್ನ ಕುದುರೆ ತಂತಿಯನ್ನು ಒಂದು ಮಿಲಿಮೀಟರಿನಷ್ಟು ಎತ್ತಿತ್ತು. ತಂತಿಯ ನಡುವಿನಲ್ಲಾದರೆ ಅಷ್ಟು ಎತ್ತರ ಲೆಕ್ಕಕ್ಕೇ ಬಾರದು. ಕೊನೆಯ ಹೆಜ್ಜೆಯಲ್ಲಿ ಕುದುರೆ ನಿಲ್ಲುವುದು ತುದಿಯಿಂದ ಒಂದೇ ಸೆಂಟಿಮೀಟರ್ ಈಚೆ. ಅಲ್ಲಿ ಅಷ್ಟು ಎತ್ತಿದರೆ ತಂತಿಯ ಬಿಗಿ ಏರಿ ಶ್ರುತಿಯೂ ಏರುತ್ತದೆ. ಕುದುರೆಯನ್ನು ಮರಳು ಕಾಗದದಲ್ಲಿ ತೇದು ತೇದು ತಂತಿಗೆ ಬರೀ ತಾಗುವಂತೆ ಮಾಡಿದ ಮೇಲೆ ಮೂರಕ್ಕೆ ಇಳಿಯಿತು. ನಿಮಗೂ ಹೆಚ್ಚು ಬಂದರೆ ಮೊದಲು ಅಲ್ಲಿ ನೋಡಿ. ಕಡಿಮೆ ಬಂದರೆ ನಡುವಿನ ಯಾವುದೋ ಹೆಜ್ಜೆಯಲ್ಲಿ ಕಿವಿ ರಾಜಿ ಮಾಡಿಕೊಂಡಿದೆ. ಸಾಮಾನ್ಯವಾಗಿ ಧಾ ಇಂದ ಗಾ ಗೆ ಇಳಿಯುವಾಗ.

ಎಂಜಿನಿಯರಿಂಗ್ ಓದುತ್ತಾ ವೀಣೆ ಕಲಿಯುವ ಹುಡುಗಿಯೊಬ್ಬಳು ಇದನ್ನೆಲ್ಲ ನೋಡಿ, "ಮಿಸ್, ಐದು ಹೆಜ್ಜೆಲಿ ಐದು ಸಣ್ಣ ತಪ್ಪು ಸೇರಿ ಇಷ್ಟಾಗಿರಬಹುದಲ್ವಾ?" ಎಂದಳು. ಒಳ್ಳೆಯ ಪ್ರಶ್ನೆ. "ಹಾಗಾದ್ರೆ ಹತ್ತು ಸಲ ಮಾಡು. ತಪ್ಪಾದ್ರೆ ಒಂದ್ಸಲ ಮೇಲೆ, ಒಂದ್ಸಲ ಕೆಳಗೆ ಹೋಗ್ಬೇಕು" ಅಂದೆ. ಪ್ರತಿ ಸಲವೂ ಕಾಗದದ ಮೇಲೆ ಅವಳ ಗೆರೆಗಳು 80ರ ಸುತ್ತಲೇ ಗುಂಪು ಕಟ್ಟಿದವು. ಒಂದೂ 81ಕ್ಕೆ ಹೋಗಲಿಲ್ಲ.

ಹಲಗೆ ಇನ್ನೂ ಕೈಯಲ್ಲಿರುವಾಗಲೇ ಎರಡು ಗಾಂಧಾರಗಳನ್ನು ಎದುರುಬದುರು ನಿಲ್ಲಿಸಿ ನೋಡಿ. ಎಡದ ತಂತಿ ಬಿಟ್ಟ ಸಾ. ಬಲದಲ್ಲಿ ಸಾ ಜೊತೆ ನೇರವಾಗಿ ಸೇರುವ ಗಾ ಹಿಡಿಯಿರಿ: 64.8 ಸೆಂಟಿಮೀಟರ್, 5:4, 300 ಕಂಪನ. ನೀವು ಸುತ್ತು ಬಳಸಿ ತಲುಪಿದ ಗಾ 64ರಲ್ಲಿತ್ತು, 303.75. ನಡುವೆ ಎಂಟು ಮಿಲಿಮೀಟರ್. ಮೊದಲನೆಯದರಲ್ಲಿ ನಾದ ನಿಂತ ನೀರು. ಎರಡನೆಯದರಲ್ಲಿ ಸೆಕೆಂಡಿಗೆ 15 ತೂಗಾಟ. ಅಷ್ಟು ವೇಗದಲ್ಲಿ ಅದು ತೂಗಾಟ ಅನ್ನಿಸುವುದಿಲ್ಲ, ಗಂಟಲು ಕಟ್ಟಿದ ಹಾಗೆ ಗೊರಗೊರ ಅನ್ನಿಸುತ್ತದೆ. ನನ್ನ ವೀಣೆಯ ಆ ಕರಕರ ಇದರ ತಮ್ಮ. ಆ್ಯಪ್ ಕೂರಿಸುವ ಗಾಂಧಾರ ಇವೆರಡರ ನಡುವಿನದು, 302.4ರ ಹತ್ತಿರ. ಸೆಕೆಂಡಿಗೆ ಒಂಬತ್ತು ಹತ್ತು ತೂಗಾಟ. ಆ್ಯಪ್ ಸುಳ್ಳು ಹೇಳಿರಲಿಲ್ಲ. ಸ್ಥಾಯಿಯನ್ನು 12 ಸಮಭಾಗ ಮಾಡಿ ಅದನ್ನೇ ಸರಿ ಎನ್ನುವ ಯಂತ್ರ ಅದು. ಪಿಯಾನೋಗೆ ಆ ಒಪ್ಪಂದ ಸರಿ, ಪಕ್ಕದಲ್ಲೇ ಸಾ ಪಾ ಬಿಡದೆ ನುಡಿಯುವ ವಾದ್ಯಕ್ಕೆ ಅಲ್ಲ.

ಒಂದು ಚಂದದ ಸಂಗತಿ ಇಲ್ಲಿದೆ. ಗಾ 64.8ರಲ್ಲಿರುವಾಗ ಮೀಟುವ ತುದಿಯಿಂದ 16.2 ಸೆಂಟಿಮೀಟರ್ ದೂರದಲ್ಲಿ ಎರಡು ತಂತಿಗೂ ಅಡ್ಡಲಾಗಿ ಒಂದೇ ಬೆರಳನ್ನು ಹಗುರವಾಗಿ ಇಟ್ಟು, ಮೀಟಿ ತೆಗೆಯಿರಿ. ಎರಡು ತಂತಿಯೂ ಗಂಟೆಯ ಹಾಗೆ ಒಂದೇ ಸ್ವರ ನುಡಿಯುತ್ತವೆ, 1200. ಏಕೆಂದರೆ 16.2 ಎಂದರೆ 81ರ ಐದನೇ ಒಂದು ಭಾಗ, 64.8ರ ನಾಲ್ಕನೇ ಒಂದು ಭಾಗವೂ ಹೌದು. 5:4 ಎಂದರೆ ಇಷ್ಟೇ. ಈಗ ಕುದುರೆಯನ್ನು 64ಕ್ಕೆ ಸರಿಸಿ. ಒಂದೇ ಬೆರಳು ಸಾಲುವುದಿಲ್ಲ. ಬಲದ ತಂತಿಯ ನೆಲೆ 16ಕ್ಕೆ ಜರುಗಿರುತ್ತದೆ, ಎರಡು ಮಿಲಿಮೀಟರ್ ಈಚೆಗೆ. ಬೆರಳಿನ ತುದಿಗೇ ಪ್ರಮಾಣ ಶ್ರುತಿ ಸಿಗುವ ಜಾಗ ನನಗೆ ತಿಳಿದಂತೆ ಇದೊಂದೇ. ಇದನ್ನು ಮೊದಲ ಸಲ ಮಾಡಿದ ದಿನ ನಾನು ಅಭ್ಯಾಸ ಮಾಡಲಿಲ್ಲ, ಸುಮ್ಮನೆ ಅದನ್ನೇ ಮಾಡುತ್ತಾ ಕೂತಿದ್ದೆ.

ಹಲಗೆ ಮಾಡುವ ತಾಳ್ಮೆ ಇಲ್ಲದವರಿಗೆ ಗಂಟಲು ಇದೆ. ತಂಬೂರಿ ನಿಲ್ಲಿಸಿ. ಸಾ ಹಾಡಿ, ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಸಾ, ಪಾ, ಕೆಳಗಿನ ರೀ, ಧಾ, ಕೆಳಗಿನ ಗಾ, ಸಾ. ಪ್ರತಿ ಸ್ವರವನ್ನೂ ಹಿಂದಿನ ಸ್ವರದ ಜೊತೆ ಮಾತ್ರ ಸೇರಿಸಿ, ಮೊದಲಿನ ಸಾ ಯನ್ನು ಮರೆತುಬಿಡಿ. ಲೆಕ್ಕದ ಪ್ರಕಾರ ಒಂದು ಸುತ್ತಿಗೆ 240 ಹೋಗಿ 243. ಐದು ಸುತ್ತು ಬಂದರೆ 255ರ ಮೇಲೆ, ಅಂದರೆ ಹೆಚ್ಚುಕಡಿಮೆ ಶುದ್ಧ ರಿಷಭದಷ್ಟು (270ರ ರೀ ಅಲ್ಲ, ಸಾ ಪಕ್ಕದ ಕೆಳಗಿನ ರಿಷಭ) ಎತ್ತರ. ಆದರೆ ಗಂಟಲು ಹಲಗೆಯಷ್ಟು ನಿಷ್ಠುರವಲ್ಲ. ಬಹಳ ಸಲ ನನ್ನ ವಿದ್ಯಾರ್ಥಿಗಳು ಸರಿಯಾಗಿ ಹೊರಟ ಸಾ ಗೇ ಬಂದು ನಿಲ್ಲುತ್ತಾರೆ, "ನೋಡಿ ಮಿಸ್, ಒಂಚೂರೂ ಏರಿಲ್ಲ" ಅಂತ ಹೆಮ್ಮೆಪಡುತ್ತಾರೆ. ಏರಿಲ್ಲ ಎಂದರೆ ಎಲ್ಲೋ ಒಂದು ಕಡೆ ಇಳಿಸಿದ್ದಾರೆ ಎಂದೇ ಅರ್ಥ. ಎಲ್ಲಿ ಇಳಿಸಿದರು ಅಂತ ಮುದ್ರಿಕೆ ಹಾಕಿ ಹುಡುಕುವುದು ಒಳ್ಳೆಯ ಪಾಠ. ಹೆಚ್ಚಿನವರು ಧಾ ದಲ್ಲಿ ಇಳಿಸುತ್ತಾರೆ, ಗೊತ್ತೇ ಆಗದೆ.

ಈ ಐದು ಸ್ವರ ಯಾವ ರಾಗದ್ದು ಅಂತ ಗಮನಿಸಿದಿರಾ? ಸ ರಿ ಗ ಪ ಧ. ಮೋಹನ. ಪ್ರಮಾಣ ಶ್ರುತಿ ಯಾವುದೋ ಅಪರೂಪದ ರಾಗದ ಮೂಲೆಯಲ್ಲಿ ಅಡಗಿಲ್ಲ, ಮಕ್ಕಳು ಗೀತೆ ಕಲಿಯುವ ಮೋಹನದಲ್ಲೇ ಕೂತಿದೆ. ರೀ ಪಾ ಜೊತೆ ಶುದ್ಧವಾಗಿರಲಿ, ಗಾ ಸಾ ಜೊತೆ ಶುದ್ಧವಾಗಿರಲಿ. ಈಗ ಧಾ ಎಲ್ಲಿಡುತ್ತೀರಿ? ರೀ ಜೊತೆ ಸೇರಿಸಿದರೆ 405, ಗಾ ಜೊತೆ ಮುನಿಸು. ಗಾ ಜೊತೆ ಸೇರಿಸಿದರೆ 400, ರೀ ಮುನಿಸು. ಇಬ್ಬರನ್ನೂ ಒಲಿಸುವ ಧಾ ಇಲ್ಲವೇ ಇಲ್ಲ. ಗಮಕದಲ್ಲಿ ಓಡಾಡುವಾಗ ಯಾರೂ ಇದನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಗಮಕದ ತೂಗು ಈ ಸಂದಿಗಿಂತ ಎಷ್ಟೋ ದೊಡ್ಡದು. ಧಾ ಮೇಲೆ ಅಲುಗದೆ ನಿಂತಾಗ ಮಾತ್ರ ಪ್ರಶ್ನೆ ಏಳುತ್ತದೆ. ನಾನಂತೂ ನಿಲ್ಲುವ ಧಾ ಗೆ 400ರದ್ದನ್ನೇ ಆರಿಸುತ್ತೇನೆ, ಅದು ಮೆತ್ತಗೆ. 405ರ ಧಾ ಗೆ ಚುರುಕು ಹೆಚ್ಚು, ಕೆಲವರ ಕಿವಿಗೆ ಅದೇ ಇಷ್ಟ. ಜಗಳಕ್ಕೆ ನಾನು ಬರುವುದಿಲ್ಲ.

ಆ್ಯಪ್ ಬಿಡಲಾರದವರಿಗೆ ಒಂದಿಷ್ಟು ಅಂಕಿ. ಸಾ ಯನ್ನು ಸೊನ್ನೆಗೆ ಕೂರಿಸಿಕೊಂಡರೆ, 5:4ರ ಗಾ ಮುಳ್ಳನ್ನು ನಡುವಿನಿಂದ 14 ಸೆಂಟ್ಸ್ ಕೆಳಗೆ ತೋರಿಸಬೇಕು. ಸುತ್ತಿ ಬಂದ ಗಾ 8 ಮೇಲೆ. 9:8ರ ರೀ 4 ಮೇಲೆ, 10:9ರ ರೀ 18 ಕೆಳಗೆ. 5:3ರ ಧಾ 16 ಕೆಳಗೆ, 27:16ರದ್ದು 6 ಮೇಲೆ. ಪ್ರತಿ ಜೋಡಿಯ ಅಂತರ 22ರ ಹತ್ತಿರ, ನಿಖರವಾಗಿ 21.5. ಸೆಂಟ್ ಎಂಬ ಅಳತೆಯನ್ನು 1885ರಲ್ಲಿ ಬಳಕೆಗೆ ತಂದವರು ಅಲೆಕ್ಸಾಂಡರ್ ಎಲ್ಲಿಸ್. ಒಂದು ಸ್ಥಾಯಿಗೆ 1200. ಇದೇ ಸಂದಿಗೆ ಪಾಶ್ಚಾತ್ಯರು ಗ್ರೀಕ್ ಸಂಗೀತಶಾಸ್ತ್ರಜ್ಞ ಡಿಡಿಮಸನ ಹೆಸರಿಟ್ಟು ಡಿಡಿಮಸ್ ಕಾಮಾ ಎನ್ನುತ್ತಾರೆ, ಸಿಂಟಾನಿಕ್ ಕಾಮಾ ಎಂದೂ.

ನಮ್ಮಲ್ಲಿ ಹೆಸರು ಬಂದದ್ದು ಭರತನಿಂದ. ನಾಟ್ಯಶಾಸ್ತ್ರದ 28ನೇ ಅಧ್ಯಾಯದಲ್ಲಿ ಅವನು ಮಾಡಿಸುವ ಪ್ರಯೋಗ ನಮ್ಮ ಹಲಗೆಯದೇ ಅಣ್ಣ. ಒಂದೇ ಥರದ ಎರಡು ವೀಣೆ, ಎರಡನ್ನೂ ಷಡ್ಜಗ್ರಾಮಕ್ಕೆ ಶ್ರುತಿ ಮಾಡು, ಒಂದನ್ನು ಮುಟ್ಟಬೇಡ, ಇನ್ನೊಂದರ ಪಂಚಮವನ್ನು ಮಧ್ಯಮಗ್ರಾಮದ ಪಂಚಮಕ್ಕೆ ಇಳಿಸು. ಗ್ರಾಮ ಎಂದರೆ ಆಗಿನ ಸ್ವರಗಳ ಜೋಡಣೆ. ಇಳಿದದ್ದೆಷ್ಟೋ ಅದು ಪ್ರಮಾಣ ಶ್ರುತಿ. 13ನೇ ಶತಮಾನದಲ್ಲಿ ಸಂಗೀತರತ್ನಾಕರ ಬರೆದ ಶಾರ್ಙ್ಗದೇವ ಇದನ್ನೇ 22 ತಂತಿಗಳ ಎರಡು ವೀಣೆಯಲ್ಲಿ ವಿವರಿಸಿದ. ಭರತ ಒಂದು ಅನುಪಾತವನ್ನೂ ಬರೆದಿಲ್ಲ. 81:80 ಎಂಬುದು ನಂತರದವರ ಗಣಿತ. ಅವನದು ಬರೀ ಕಿವಿ: ಯಾವುದು ಯಾವುದರ ಜೊತೆ ಸೇರುತ್ತದೆ ಅಷ್ಟೇ. ಷಡ್ಜಗ್ರಾಮದಲ್ಲಿ ರೀ ಇಂದ ಪಾ ಗೆ ಹತ್ತು ಶ್ರುತಿ, ಸಂವಾದಕ್ಕೆ, ಅಂದರೆ ಎರಡು ಸ್ವರ ಚೆನ್ನಾಗಿ ಸೇರುವುದಕ್ಕೆ, ಬೇಕಾದದ್ದು ಒಂಬತ್ತು. ಅದಕ್ಕೇ ಪಾ ಒಂದು ಶ್ರುತಿ ಇಳಿಯಬೇಕಾಯಿತು. 22 ಶ್ರುತಿಗಳೂ ಸಮ ಎಂದುಕೊಂಡರೆ ಒಂದೊಂದೂ 54 ಸೆಂಟ್ಸ್ ಮೀರುತ್ತದೆ, ಪ್ರಮಾಣ ಶ್ರುತಿ 21.5 ಆಗುವುದಿಲ್ಲ. ಸಮ ಎಂದು ವಾದಿಸುವವರೂ ಇದ್ದಾರೆ. ಹಲಗೆ ಕಟ್ಟಿದ ಮೇಲೆ ನಾನು ಸಮವಲ್ಲ ಎನ್ನುವ ಪಕ್ಷ.

ಆ ಇಳಿದ ಪಂಚಮವನ್ನು ಹಲಗೆಯಲ್ಲಿ ಕೇಳುವುದಿದ್ದರೆ ಇನ್ನೊಂದು ನಡಿಗೆ ನಡೆಯಿರಿ. ಸಾ ಇಂದ ಮಾ, ಮಾ ಗೆ ಗಾಂಧಾರವಾಗುವ ಧಾ, ಧಾ ಗೆ ಕೆಳಗಿನ ಪಂಚಮ ಸಂವಾದದ ರೀ, ಆ ರೀ ಗೆ ಮೇಲೆ ಮಧ್ಯಮವಾಗುವ ಪಾ. ಅಳೆದರೆ 60.75, 48.6, 72.9, ಕೊನೆಗೆ 54.7ರ ಹತ್ತಿರ. ಇದನ್ನು ಬಿಟ್ಟ ಸಾ ಜೊತೆ ಮೀಟಿ: ಸೆಕೆಂಡಿಗೆ ಸುಮಾರು 9 ತೂಗಾಟ. ಕುದುರೆಯನ್ನು ಏಳು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಸರಿಸಿದರೆ 54, ಎಲ್ಲ ಶಾಂತ.

ಇನ್ನು ವೀಣೆ. ನಾನು ಹೊರಟದ್ದೇ ಅಲ್ಲಿಂದ.

ವೀಣೆಯ ಮೆಟ್ಟಿಲು ನಾಲ್ಕು ತಂತಿಗೂ ಅಡ್ಡಲಾಗಿ ನೇರ: ಸಾರಣಿ ಸಾ, ಪಂಚಮ ತಂತಿ ಅದರ ಕೆಳಗಿನ ಪಾ, ಮಂದ್ರ ತಂತಿ ಒಂದು ಸ್ಥಾಯಿ ಕೆಳಗಿನ ಸಾ, ಅನುಮಂದ್ರ ಇನ್ನೂ ಕೆಳಗಿನ ಪಾ. 2ನೇ ಮೆಟ್ಟಿಲು ಸಾರಣಿಯಲ್ಲಿ ರೀ, ಪಂಚಮ ತಂತಿಯಲ್ಲಿ ಮಂದ್ರದ ಧಾ. ರೀ ಯನ್ನು ತಾಳದ ಪಾ ಜೊತೆ ಶುದ್ಧವಾಗಿ ಸೇರಿಸಿದರೆ, ಅಂದರೆ 9:8ಕ್ಕೆ, ಪಂಚಮ ತಂತಿಯ ಧಾ ತಾನಾಗಿ 27:16 ಆಗಿಬಿಡುತ್ತದೆ. ಧಾ ಯನ್ನು 5:3ಕ್ಕೆ ಮೆತ್ತಗೆ ಮಾಡಿದರೆ ರೀ 10:9ಕ್ಕೆ ಕುಸಿಯುತ್ತದೆ. ಒಂದೇ ಮೆಟ್ಟಿಲು, ಇಬ್ಬರು ಯಜಮಾನರು. ಎರಡು ಜಾಗಕ್ಕೂ ನಡುವೆ ತಂತಿಯ ಉದ್ದದ 90ನೇ ಒಂದು ಭಾಗ. ಮೆಟ್ಟಿಲು ಸ್ವಲ್ಪ ಓರೆ ಮಾಡಿದರೆ ಆಗದೇ ಎಂದು ಕೇಳುತ್ತಾರೆ. ಮಾಡಿ ನೋಡಿದ್ದೇನೆ, ಬೆರಳು ಜಾರುವ ದಾರಿಯೇ ಕೆಟ್ಟಿತು. ತಂತಿ ಎಳೆದರೆ ಸ್ವರ ಏರುತ್ತದೆ, ಇಳಿಸಲು ದಾರಿಯಿಲ್ಲ. ಹಾಗಂತ ಮೆಟ್ಟಿಲನ್ನು ಕೆಳಗಿನ ಜಾಗದಲ್ಲೇ ಕೂರಿಸಿ, ರೀ ಬಂದಾಗಲೆಲ್ಲ ಎಳೆಯುತ್ತಾ ಇರುವುದು ನನ್ನಿಂದಾಗದ ಕೆಲಸ.

ನಾನು ಮಾಡುವುದು ಹೀಗೆ. 2ನೇ ಮೆಟ್ಟಿಲನ್ನು ರೀ ಗೆ ಬಿಟ್ಟುಕೊಡುತ್ತೇನೆ, 9:8. 4ನೆಯದನ್ನು 5:4ರ ಗಾ ಗೆ. ಅದೇ ಮೆಟ್ಟಿಲು ಪಂಚಮ ತಂತಿಯಲ್ಲಿ ಒಳ್ಳೆಯ ನೀ ಕೊಡುತ್ತದೆ, ಜಗಳವಿಲ್ಲ. 9ನೆಯದನ್ನು 5:3ರ ಧಾ ಗೆ. ಪಂಚಮ ತಂತಿಯಲ್ಲಿ ಅದು 5:4ರ ಅಂತರ ಗಾಂಧಾರ. ಹಲಗೆಯ ಲೆಕ್ಕವನ್ನು ಮಾತ್ರ ಇಲ್ಲಿ ಹಾಗೇ ತಂದು ಹಾಕಬೇಡಿ. ಮೆಟ್ಟಿಲ ಮೇಲೆ ಒತ್ತಿದಾಗ ತಂತಿ ಬಿಗಿದು ಸ್ವರ ಏರುತ್ತದೆ, ಒಬ್ಬೊಬ್ಬರ ಒತ್ತುವ ಬಲ ಒಂದೊಂದು ಥರ. ಮೇಣ ಮೆತ್ತಗಿರುವಾಗಲೇ, ನೀವು ನುಡಿಸುವಷ್ಟೇ ಒತ್ತಿ, ತಾಳದ ತಂತಿ ಮೀಟಿ, ತೂಗಾಟ ನಿಂತ ಕಡೆ ಮೆಟ್ಟಿಲು ಕೂರಿಸಿ.

ಹೀಗೆ ಕಟ್ಟಿದ ವೀಣೆಯಲ್ಲಿ ಮಂದ್ರದ ಧಾ ಎರಡು ಕಡೆ ಸಿಗುತ್ತದೆ: ಪಂಚಮ ತಂತಿಯ 2ನೇ ಮೆಟ್ಟಿಲಲ್ಲಿ ಚುರುಕಾದದ್ದು, ಮಂದ್ರ ತಂತಿಯ 9ನೇ ಮೆಟ್ಟಿಲಲ್ಲಿ ಮೆತ್ತಗಿನದು. ಧಾ ಮೇಲೆ ನಿಲ್ಲಬೇಕಾದಾಗ ನಾನು ಮಂದ್ರ ತಂತಿಗೆ ಹೋಗುತ್ತೇನೆ. ಮೇಳ ಸರಿಯಾಗಿದೆಯೇ ಎಂದು ನೋಡುವುದೂ ಇಲ್ಲೇ. ಇನ್ನೊಬ್ಬರನ್ನು ಕೂರಿಸಿಕೊಂಡು, ಅವರು 9ರಲ್ಲಿ ಮಂದ್ರ ತಂತಿ ಒತ್ತಲಿ, ನೀವು 2ರಲ್ಲಿ ಪಂಚಮ ತಂತಿ ಒತ್ತಿ, ಎರಡನ್ನೂ ಒಟ್ಟಿಗೆ ಮೀಟಿ. ಆ್ಯಪಿನಲ್ಲಿ ಕಟ್ಟಿದ ವೀಣೆಯಾದರೆ ಎರಡು ಧಾ ಗಳಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಕಿವಿಯಲ್ಲಿ ಕಟ್ಟಿದ್ದಾದರೆ, ವೀಣೆಯ ಸಾ 160ರ ಆಸುಪಾಸು ಇದ್ದಾಗ, ಬುಡದ ಸ್ವರದಲ್ಲಿ ಮೂರು ಸೆಕೆಂಡಿಗೆ ಐದರಂತೆ ನಿಧಾನವಾಗಿ ತೂಗುತ್ತದೆ. ನಮ್ಮ ಎಂಜಿನಿಯರಿಂಗ್ ಹುಡುಗಿ 9ರ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಬಾಯಲ್ಲೇ ಎಣಿಸಿ, "ಐದು ಮಿಸ್" ಎಂದಳು.

ಮೇಣ ಪೂರ್ತಿ ಆರಿದ ಮೇಲೆ, ಮಾರನೆಯ ದಿನ, ಮತ್ತೊಮ್ಮೆ ಎಣಿಸಿ. ಆರುವಾಗ ಮೆಟ್ಟಿಲು ಕೆಲವೊಮ್ಮೆ ಕೂದಲೆಳೆಯಷ್ಟು ಜರುಗಿರುತ್ತದೆ.